ಆನ್ ಆರ್ಬರದಿಂದ ಘಟಪ್ರಭೆಗೆ

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಾವಳಗಿಯ ನಮ್ಮ ಮನೆಗೆ ಬಂದಳು. ಬನಹಟ್ಟಿಯ ನೇಕಾರರ ಮಗಳು; ಜಮಖಂಡಿಯ ಕಾಲೇಜಿನಲ್ಲಿ ನನ್ನ ಬಳಿ ಜೀವಶಾಸ್ತ್ರ ಓದಿ ಪದವಿ ಪಡೆದವಳು. ಮಗ್ಗದ ಮನೆಗಳಲ್ಲಿ ದಿನವಿಡೀ ನೂಲಿನ ಧೂಳನ್ನು ಉಸಿರಾಡುವವರ ಶ್ವಾಸಕೋಶಗಳಿಗೆ ಏನಾಗುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಅಭ್ಯಸಿಸಬೇಕೆಂದು ಅವಳ ಹಂಬಲ. ಅದಕ್ಕಾಗಿ ಅಮೇರಿಕೆಗೆ ಹೋಗಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಓದಲು ಅರ್ಜಿ ಹಾಕುವವಳಿದ್ದಳು. ಅರ್ಜಿಯೊಡನೆ ಮೂವರು ಗುರುಗಳ ಶಿಫಾರಸುಪತ್ರ ಬೇಕು. ಅವುಗಳಲ್ಲಿ ಒಂದನ್ನು ನಾನು ಬರೆದುಕೊಡಬೇಕು.

ಕೇಳಿದ ಕೂಡಲೇ ಒಪ್ಪಿಕೊಳ್ಳುವುದು ಸಹಜವಾಗಿತ್ತು. ಆದರೆ ನಾನು ಎರಡು ದಿನಗಳ ಅವಧಿ ಕೇಳಿದೆ. ಕಾರಣವಿಷ್ಟೆ: ಬಹಳ ವರ್ಷಗಳ ಹಿಂದೆ ಇಂತಹುದೇ ಪತ್ರವೊಂದನ್ನು ಊರಿನ ಹುಡುಗನೊಬ್ಬನಿಗೆ ಬರೆದುಕೊಟ್ಟಿದ್ದೆ. ಆತ ಓದು ಮುಗಿಸಿ ತಾಯ್ನಾಡಿಗೆ ಮರಳುವನೆಂದು, ಯಾರೂ ಕೇಳದಿದ್ದರೂ, ನನ್ನ ಸ್ವಂತ ಹೊಣೆಯ ಮೇಲೆ ಅದರಲ್ಲಿ ಸೇರಿಸಿದ್ದೆ. ಆತ ಮರಳಲಿಲ್ಲ. ಆತನ ತಂದೆ ಬಸ್ಸಿನ ನಿಲ್ದಾಣದಲ್ಲಿ ನನ್ನನ್ನು ಕಂಡಾಗಲೆಲ್ಲ ಮಗ ಎಂದು ಬರುವನೆಂದು ವಿಚಾರಿಸುತ್ತಿದ್ದರು, ನಾನೇನೋ ಆ ಪತ್ರಕ್ಕೆ ಜಾಮೀನು ನಿಂತವನೆಂಬಂತೆ. ಅವರು ತೀರಿಕೊಂಡು ಹಲವು ವರ್ಷಗಳಾದುವು; ಆ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿದಿದೆ. ಈಗ ಈ ಹುಡುಗಿಯ ತಂದೆ ಬ್ಯಾಂಕಿನ ಸಾಲಕ್ಕಾಗಿ ಇದ್ದ ಒಂದು ಮನೆಯನ್ನು ಅಡವಿಡಲು ಸಿದ್ಧರಾಗಿದ್ದರು. ಮನೆಯೆಂದರೆ ಅವರಿಗೆ ಮಗ್ಗವೂ ಅದರಲ್ಲಿಯೇ.

ಅವಳು ಅರ್ಜಿ ಹಾಕಲಿದ್ದ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಆನ್ ಆರ್ಬರದ ಮಿಶಿಗನ್ ವಿಶ್ವವಿದ್ಯಾಲಯದ ಹೆಸರಿತ್ತು. ಅದನ್ನು ಕಂಡಾಗ ನೂರು ವರ್ಷಗಳಿಗಿಂತ ಹಿಂದೆ ಧಾರವಾಡ ಜಿಲ್ಲೆಯಿಂದ ಅದೇ ಊರಿಗೆ, ಅದೇ ಶಾಸ್ತ್ರವನ್ನು ಓದಲು ಹೋಗಿದ್ದ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರ ನೆನಪಾಯಿತು. ಸೇವಾದಳದ ಸಂಸ್ಥಾಪಕರೆಂದು ನಾಡು ಅವರನ್ನು ಬಲ್ಲದು. ವಿದ್ಯಾರ್ಥಿಯೆಂದು ಬಲ್ಲವರು ಕಡಿಮೆ. ಹರ್ಡೇಕರ ಮಂಜಪ್ಪನವರೊಡನೆ ಅವರನ್ನು ಒಂದಾಗಿ ಭಾವಿಸುವವರೂ ಉಂಟು. ಮಂಜಪ್ಪನವರು ಬನವಾಸಿಯವರು, ಆಲಮಟ್ಟಿಯಲ್ಲಿ ವಿದ್ಯಾಲಯ ನಡೆಸಿದವರು. ನಾನು ಹೇಳಹೊರಟಿರುವ ಹರ್ಡೀಕರರು ಬೇರೆ. ಆ ಎರಡು ದಿನ ಅವರ ಜೀವನವನ್ನು ಮತ್ತೊಮ್ಮೆ ಮನಸ್ಸಿನಲ್ಲಿ ತಿರುವಿಹಾಕಿದೆ.

ಅವರು ಹುಟ್ಟಿದ್ದು 1889ರ ಮೇ 7ರಂದು, ಧಾರವಾಡ ಜಿಲ್ಲೆಯ ತಿರ್ಲಾಪುರದಲ್ಲಿ. ಅದು ಹತ್ತಿ ಬೆಳೆಯುವ ಕರಿಯ ಮಣ್ಣಿನ ಸೀಮೆ. ಅವರಿಗೆ ಒಂಬತ್ತು ವರ್ಷವಾಗಿದ್ದಾಗ, 1898ರಲ್ಲಿ, ಹುಬ್ಬಳ್ಳಿ ಧಾರವಾಡಗಳಿಗೆ ಪ್ಲೇಗು ಬಂದಿತು. ಜನ ಮನೆ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಹಾಫ್ಕಿನ್ ಎಂಬ ವಿಜ್ಞಾನಿ ಸಿದ್ಧಪಡಿಸಿದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಸಾವಿರ ಸಾವಿರ ಮಂದಿಗೆ ಚುಚ್ಚಿದರು. ರೋಗವೆಂಬುದು ಒಬ್ಬನ ದೇಹಕ್ಕೆ ಸೇರಿದ ಸಂಗತಿಯಲ್ಲ, ಅದು ಇಡೀ ಊರಿಗೆ ಸೇರಿದುದು ಎಂಬುದನ್ನು ಆ ಸೀಮೆಯ ಮಕ್ಕಳು ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ.

ತರುಣ ಹರ್ಡೀಕರರು ಬೆಳೆದುದು ವಂಗಭಂಗದ ತರುವಾಯದ ಕಾಲದಲ್ಲಿ. ಲೋಕಮಾನ್ಯ ತಿಲಕರ ಪ್ರಭಾವ ಉತ್ತರ ಕರ್ನಾಟಕದ ಓದುಬಲ್ಲ ಮನೆಗಳನ್ನೆಲ್ಲ ಮುಟ್ಟಿತ್ತು. ಅವರ ಮನಸ್ಸೂ ಅದಕ್ಕೆ ಸೋತಿತ್ತು. ವೈದ್ಯಶಿಕ್ಷಣಕ್ಕಾಗಿ ಅವರು ಕಲಕತ್ತೆಗೆ ಹೋಗಿ, ಅಲ್ಲಿಯ ಕಾಲೇಜ್ ಆಫ್ ಫಿಜಿಶಿಯನ್ಸ್ ಅಂಡ್ ಸರ್ಜನ್ಸ್ ಎಂಬ ವಿದ್ಯಾಸಂಸ್ಥೆಯಲ್ಲಿ ಓದಿ ವೈದ್ಯರಾದರು. ಅದು ಭಾರತೀಯರೇ ಕಟ್ಟಿದ ಖಾಸಗಿ ಕಾಲೇಜು. ಅಂತಹ ಕಾಲೇಜುಗಳು ಕೊಡುತ್ತಿದ್ದ ಪದವಿಗಳಿಗೆ ಸರಕಾರದ ಮನ್ನಣೆ ದೊರೆಯುವುದು ಅಂದು ಕಷ್ಟ. ಕಲಿತವನಿಗೆ ವಿದ್ಯೆ ಉಂಟು, ಮುದ್ರೆಯಿಲ್ಲ, ಹೀಗಿತ್ತು ಸ್ಥಿತಿ.

ಅಂದು ಮೇಲಿನ ಓದಿಗೆ ಹೊರನಾಡಿಗೆ ಹೋಗುವುದೆಂದರೆ ಸಾಮಾನ್ಯವಾಗಿ ವಿಲಾಯಿತಿಗೆ ಹೋಗುವುದೆಂದೇ ಅರ್ಥ. ಆದರೆ 1909ರಲ್ಲಿ ಮದನಲಾಲ ಧಿಂಗ್ರಾ ಲಂಡನ್ನಿನಲ್ಲಿ ಕರ್ಜನ್ ವಾಯ್ಲಿಯನ್ನು ಗುಂಡಿಟ್ಟು ಕೊಂದ ಮೇಲೆ ಅಲ್ಲಿಯ ಹಿಂದೀ ವಿದ್ಯಾರ್ಥಿಗಳ ಮೇಲೆ ಸರಕಾರದ ಕಣ್ಣು ಬಿದ್ದಿತು. ಅವರ ಸಲಹೆಗೆಂದೂ ಮೇಲ್ವಿಚಾರಣೆಗೆಂದೂ ಇಂಡಿಯಾ ಕಚೇರಿಯಲ್ಲಿ ಪ್ರತ್ಯೇಕ ಏರ್ಪಾಡು ಆದುದು ಅದೇ ವರ್ಷ. ಅರ್ಜಿದಾರನ ಅಂಕಗಳಷ್ಟೇ ಅಲ್ಲ, ಆತನ ನಡತೆ, ರಾಜನಿಷ್ಠೆಗಳೂ ವಿಚಾರಣೆಗೆ ಒಳಗಾಗುತ್ತಿದ್ದುವು. ತಿಲಕರನ್ನು ಮೆಚ್ಚಿದ ತರುಣರಿಗೆ ಅಂತಹ ಪ್ರಮಾಣಪತ್ರ ಸುಲಭವಾಗಿ ದೊರೆಯುವಂತಿರಲಿಲ್ಲ. ಬೇಡಲು ಮನಸ್ಸೂ ಒಪ್ಪುತ್ತಿರಲಿಲ್ಲ.

ಅಮೇರಿಕೆಯ ದಾರಿ ಬೇರೆಯಾಗಿತ್ತು. ಮೊದಲ ಮಹಾಯುದ್ಧಕ್ಕೆ ಮುಂಚೆ ಆ ದೇಶವನ್ನು ಪ್ರವೇಶಿಸಲು ಇಂದಿನಂತೆ ವೀಸಾ ಬೇಕಾಗಿರಲಿಲ್ಲ. ಬಂದರಿನಲ್ಲಿ ವೈದ್ಯರು ಕಣ್ಣು, ಮೈ ಪರೀಕ್ಷಿಸುತ್ತಿದ್ದರು; ಈತ ಸಾರ್ವಜನಿಕರಿಗೆ ಹೊರೆಯಾದಾನೇ ಎಂದು ಅಧಿಕಾರಿಗಳು ನೋಡುತ್ತಿದ್ದರು. ಅಲ್ಲಿ ದಾಟಿದರೆ ಒಳಗೆ. ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಪಾತ್ರೆ ತೊಳೆದು, ತೋಟದ ಕೆಲಸ ಮಾಡಿ, ಓದಿನ ವೆಚ್ಚವನ್ನು ತಾವೇ ಗಳಿಸಿಕೊಳ್ಳುವುದು ಅವಮಾನವೆನಿಸಿರಲಿಲ್ಲ. ಈ ಸುದ್ದಿ ನಮ್ಮ ಕಡೆಗೂ ತಲುಪಿತ್ತು. ನಮ್ಮ ನೆರೆಯ ಅಥಣಿಯ ವಾಮನ ಕೊಕಟನೂರರು ಅದೇ ಕಾಲದಲ್ಲಿ ಅಮೇರಿಕೆಗೆ ಹೋಗಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟು ಪಡೆದು, ಆ ದೇಶದಲ್ಲಿಯೇ ರಸಾಯನಶಾಸ್ತ್ರಜ್ಞರೆಂದು ಹೆಸರು ಗಳಿಸಿದರು.

ಇದು ಎಷ್ಟು ದೂರದ ಪಯಣವೆಂಬುದನ್ನು ಇಂದಿನ ವಿದ್ಯಾರ್ಥಿಗಳು ಅಂದಿನ ಅಳತೆಯಿಂದ ಅಳೆಯಬೇಕು. ನಮ್ಮ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿಯವರು ಮುಂದೆ 1977ರಲ್ಲಿ ಭಾರತದ ಹಂಗಾಮಿ ರಾಷ್ಟ್ರಪತಿಗಳಾದರು. ಅವರು ಪದವಿಗಾಗಿಯೂ ಕಾನೂನಿನ ಓದಿಗಾಗಿಯೂ ಜಮಖಂಡಿ ಸಂಸ್ಥಾನವನ್ನು ಬಿಟ್ಟು ಕೊಲ್ಲಾಪುರ ಸಂಸ್ಥಾನಕ್ಕೆ ಹೋಗಬೇಕಾಯಿತು. ಕೃಷ್ಣೆಯ ಈ ದಡದವರಿಗೆ ಅಂದು ಕೊಲ್ಲಾಪುರವೇ ಪರರಾಜ್ಯ. ಅಂತಹ ಕಾಲದಲ್ಲಿ, ಅದಕ್ಕೂ ಎರಡು ದಶಕಗಳ ಮುಂಚೆ, 1913ರಲ್ಲಿ ಹರ್ಡೀಕರರು ಹಡಗು ಹತ್ತಿದರು. ಅವರಿಗೆ ಆಗ ಇಪ್ಪತ್ತನಾಲ್ಕು ವರ್ಷ. ತಿಲಕರು ಇನ್ನೂ ಮಂಡಾಲೆಯ ಸೆರೆಮನೆಯಲ್ಲಿದ್ದರು.

ಆನ್ ಆರ್ಬರ ಚಿಕ್ಕ ಊರು. ವಿಶ್ವವಿದ್ಯಾಲಯವೇ ಅದರ ಜೀವ. ಅಲ್ಲಿಯ ವೈದ್ಯಶಾಲೆಗೆ ವಿಕ್ಟರ್ ವಾನ್ ಎಂಬವರು 1891ರಿಂದ 1921ರವರೆಗೆ ಮುಖ್ಯಸ್ಥರಾಗಿದ್ದರು. 1898ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗು ಇದ್ದ ವರ್ಷವೇ, ಅಮೇರಿಕೆಯ ಸೈನಿಕ ಶಿಬಿರಗಳಲ್ಲಿ ವಿಷಮಶೀತಜ್ವರ ಹಬ್ಬಿ, ಯುದ್ಧದಲ್ಲಿ ಸತ್ತವರಿಗಿಂತ ಹೆಚ್ಚು ಮಂದಿ ಹಾಸಿಗೆಯಲ್ಲಿ ಸತ್ತರು. ಅದರ ಕಾರಣವನ್ನು ಶೋಧಿಸಲು ನೇಮಕವಾದ ಮೂವರಲ್ಲಿ ವಾನ್ ಒಬ್ಬರು. ಜ್ವರವನ್ನು ಹರಡುತ್ತಿದ್ದುದು ಕುಡಿಯುವ ನೀರು ಮಾತ್ರವಲ್ಲ. ಕೊಳಕು ಪಾಯಖಾನೆ, ನೊಣ, ಸೈನಿಕರ ಕೈ ಬಟ್ಟೆಗಳು, ಶಿಬಿರದ ಅಶಿಸ್ತು ಇವೂ ಕಾರಣವೆಂದು ಅವರು ಕಂಡುಹಿಡಿದರು. ಒಂದೆಡೆ ನೆರೆದ ಜನರನ್ನು ಕಾಪಾಡಬೇಕಾದರೆ ಔಷಧಕ್ಕೆ ಮುಂಚೆ ಶಿಸ್ತು ಬೇಕು ಎಂಬುದು ಆ ಶೋಧನೆಯ ಸಾರ. ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಸಿಸಿ 1916ರಲ್ಲಿ ಎಂ.ಎಸ್‌ಸಿ. ಪದವಿ ಪಡೆದ ಹರ್ಡೀಕರರ ಕಿವಿಗೆ ಈ ಪಾಠ ಬಿದ್ದಿರಲೇಬೇಕೆಂದು ನಾನು ಊಹಿಸುತ್ತೇನೆ. ಊಹೆಗೆ ಆಧಾರ ಅವರ ಮುಂದಿನ ಜೀವನವೇ.

ಪದವಿ ಕೈಗೆ ಬಂದ ಮೇಲೆ ಊರಿಗೆ ಮರಳಿ ವೈದ್ಯವೃತ್ತಿ ನಡೆಸಬಹುದಿತ್ತು; ಅಲ್ಲಿಯೇ ಉಳಿದು ಸುಖವಾಗಿಯೂ ಇರಬಹುದಿತ್ತು. ಅವರು ಎರಡನ್ನೂ ಮಾಡಲಿಲ್ಲ. ಆ ದಿನಗಳಲ್ಲಿ ಲಾಲಾ ಲಜಪತರಾಯರು ಅಮೇರಿಕೆಯಲ್ಲಿದ್ದರು. ಯುದ್ಧ ಮುಗಿಯುವವರೆಗೆ ಅವರು ಸ್ವದೇಶಕ್ಕೆ ಬರಲು ಆಂಗ್ಲ ಸರಕಾರ ಆಸ್ಪದ ಕೊಡಲಿಲ್ಲ. 1917ರಲ್ಲಿ ಲಾಲಾಜಿ ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್ ರೂಲ್ ಲೀಗನ್ನು ಸ್ಥಾಪಿಸಿದರು. ಮರುವರ್ಷದ ಜನವರಿಯಿಂದ ಯಂಗ್ ಇಂಡಿಯಾ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಗಾಂಧೀಜಿಯವರ ಪತ್ರಿಕೆಗೂ ಅದೇ ಹೆಸರಿರುವುದರಿಂದ ವಾಚಕರು ಗೊಂದಲಪಡಬಾರದು. ಇದು ಅದಕ್ಕಿಂತ ಹಳೆಯದು. ಈ ಲೀಗಿನ ಕಾರ್ಯದರ್ಶಿಯ ಹೊಣೆ ಹರ್ಡೀಕರರ ಮೇಲೆ ಬಿದ್ದಿತು. ಊರೂರು ತಿರುಗಿ ಭಾಷಣ ಮಾಡುವುದು, ಸಭೆ ಕೂಡಿಸುವುದು, ಸದಸ್ಯರನ್ನು ಸೇರಿಸುವುದು, ಹಣ ಒಟ್ಟುಗೂಡಿಸುವುದು, ಪತ್ರಿಕೆ ಹಂಚುವುದು: ವೈದ್ಯನು ಮಾಡುವ ಕೆಲಸ ಇವುಗಳಲ್ಲಿ ಒಂದೂ ಇರಲಿಲ್ಲ.

ಆ ವರ್ಷಗಳಲ್ಲಿಯೇ ಅಮೇರಿಕೆಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡುವು. 1917ರ ಕಾನೂನು ಏಷ್ಯದ ಬಹುಭಾಗದ ಜನರಿಗೆ ಪ್ರವೇಶವನ್ನು ನಿಷೇಧಿಸಿತು. ವಿದ್ಯಾರ್ಥಿಗಳಿಗೆ ಮಾತ್ರ ವಿನಾಯಿತಿ ಉಳಿಯಿತು. 1923ರಲ್ಲಿ ಭಗತಸಿಂಗ ಥಿಂಡರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಓದಿ ಹೋಗು, ಉಳಿಯಬೇಡ ಎಂಬ ನೀತಿ ಅಂದಿನದೇ. ಇಂದೂ ಅಲ್ಲಿ ವಿದ್ಯಾರ್ಥಿ ವೀಸಾ ಬೇಡುವವನು ಓದು ಮುಗಿದ ಮೇಲೆ ಮರಳುವೆನೆಂದು ವೀಸಾ ಅಧಿಕಾರಿಯನ್ನು ನಂಬಿಸಬೇಕು. ನನ್ನ ವಿದ್ಯಾರ್ಥಿನಿ ಈ ಮಾತನ್ನು ಹೇಳಿದಾಗ, ನಾನು ಹಿಂದೆ ಬರೆದುಕೊಟ್ಟಿದ್ದ ವಾಕ್ಯ ನನ್ನನ್ನು ಚುಚ್ಚಿತು. ಇನ್ನೊಬ್ಬರ ನಾಳೆಯ ಬಗೆಗೆ ಪ್ರಮಾಣ ಮಾಡುವುದು ಎಷ್ಟು ಹಗುರ!

ಹರ್ಡೀಕರರು 1921ರಲ್ಲಿ ಸ್ವದೇಶಕ್ಕೆ ಮರಳಿದರು. ಅಸಹಕಾರ ಚಳುವಳಿಯ ವರ್ಷವದು. ಅವರು ನೆಲೆಸಿದ್ದು ಹುಬ್ಬಳ್ಳಿಯಲ್ಲಿ, ಕಟ್ಟಿದ್ದು ಸೇವಾಮಂಡಲವನ್ನು. ಅಲ್ಲಿ ತರುಣರಿಗೆ ವ್ಯಾಯಾಮ, ಕವಾಯತು, ಶುಚಿತ್ವ, ಕಾಲಪಾಲನೆ ಇವುಗಳ ಶಿಕ್ಷಣ ಮೊದಲಾಯಿತು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ದೇಶದ ನಾನಾ ಕಡೆಗಳಿಂದ ಹೋದವರು ಸೆರೆಯಾದರು. ಸೆರೆಮನೆಯ ಕಷ್ಟ ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದವರು ಹಲವರು. ಹುಬ್ಬಳ್ಳಿಯ ಸೇವಾಮಂಡಲದವರು ಬರೆದುಕೊಡಲಿಲ್ಲ. ಆ ತರುಣರು ಬೇರೆಯವರಿಗಿಂತ ಹೆಚ್ಚು ದೇಶಭಕ್ತರಾಗಿದ್ದರೆಂದು ನಾನು ಹೇಳುವುದಿಲ್ಲ; ಒಟ್ಟಿಗೆ ಕಷ್ಟಪಡುವುದನ್ನು ಅವರು ಮುಂಚೆಯೇ ಅಭ್ಯಾಸ ಮಾಡಿದ್ದರು.

ಈ ಸಂಗತಿ ಕಾಂಗ್ರೆಸ್ಸಿನ ಧುರೀಣರ ಕಣ್ಣು ತೆರೆಸಿತು. ಅದೇ ವರ್ಷದ ಡಿಸೆಂಬರದಲ್ಲಿ ಕಾಕಿನಾಡದ ಅಧಿವೇಶನದ ಕಾಲಕ್ಕೆ ಅಖಿಲ ಭಾರತದ ಸ್ವಯಂಸೇವಕ ದಳವನ್ನು ಕಟ್ಟುವ ಸಂಕಲ್ಪವಾಯಿತು. ವಿರೋಧ ಬರದೆ ಇರಲಿಲ್ಲ. ಕವಾಯತು, ಸಮವಸ್ತ್ರ, ಆಜ್ಞಾಪಾಲನೆ ಇವು ಸೈನ್ಯದ ಲಕ್ಷಣಗಳು, ಅಹಿಂಸೆಗೆ ಒಗ್ಗುವಂತಹವಲ್ಲ ಎಂದು ಹಲವರು ಶಂಕಿಸಿದರು. ತರುಣ ಜವಾಹರಲಾಲ ನೆಹರೂ ಅವರು ಹರ್ಡೀಕರರ ಬೆನ್ನಿಗೆ ನಿಂತು ಹೊಸ ದಳದ ಅಧ್ಯಕ್ಷತೆ ವಹಿಸಿದರು. ಹೀಗೆ ಹಿಂದುಸ್ತಾನೀ ಸೇವಾದಳ ಹುಟ್ಟಿತು. ಅದರ ಕೇಂದ್ರ ಹುಬ್ಬಳ್ಳಿ.

ಅದರ ಮೊದಲ ದೊಡ್ಡ ಪರೀಕ್ಷೆ ಮರುವರ್ಷವೇ ಬಂದಿತು. 1924ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಕೂಡಿತು. ಗಾಂಧೀಜಿಯವರು ಅಧ್ಯಕ್ಷರಾದುದು ಆ ಒಂದು ಅಧಿವೇಶನಕ್ಕೆ ಮಾತ್ರ. ಗಂಗಾಧರರಾವ್ ದೇಶಪಾಂಡೆಯವರ ನೇತೃತ್ವದಲ್ಲಿ ಬಯಲಿನಲ್ಲಿ ವಿಜಯನಗರವೆಂಬ ಊರೇ ಎದ್ದಿತು; ನೀರಿಗಾಗಿ ಬಾವಿ ತೋಡಿ ಅದಕ್ಕೆ ಪಂಪಾ ಸರೋವರವೆಂದು ಹೆಸರಿಟ್ಟರು. ಸಾವಿರಾರು ಜನ ನೆರೆದಲ್ಲಿ ಕುಡಿಯುವ ನೀರು, ಪಾಯಖಾನೆಗಳ ಶುದ್ಧಿ, ಅಡಿಗೆಮನೆ, ಗಾಯಾಳುಗಳ ಆರೈಕೆ, ಜನಸಂದಣಿಯ ನಿಯಂತ್ರಣ ಇವೇ ನಿಜವಾದ ಕಾರ್ಯಕಲಾಪಗಳು; ವೇದಿಕೆಯ ಠರಾವುಗಳು ಆಮೇಲಿನವು. ಹರ್ಡೀಕರರು ತರಬೇತಿ ಕೊಟ್ಟ ಸ್ವಯಂಸೇವಕರು ಅಲ್ಲಿ ದುಡಿದರು. ಉಮಾಬಾಯಿ ಕುಂದಾಪುರ ಅವರು ಸಂಪ್ರದಾಯದ ಮನೆಗಳಿಂದ ಹೆಣ್ಣುಮಕ್ಕಳನ್ನು ಸ್ವಯಂಸೇವಿಕೆಯರನ್ನಾಗಿ ಹೊರಗೆ ಕರೆತಂದರು. ಅಂದಿನ ಕರ್ನಾಟಕದಲ್ಲಿ ಇದು ಚಿಕ್ಕ ಸಾಹಸವಲ್ಲ.

ಬೆಳಗಾವಿಯ ಆ ಬಯಲನ್ನು ನೆನೆದಾಗಲೆಲ್ಲ ನನಗೆ ಆನ್ ಆರ್ಬರದ ಪಾಠಶಾಲೆ ಕಾಣುತ್ತದೆ. ಹರ್ಡೀಕರರು ತಾವು ಓದಿದ್ದನ್ನು ಬಿಟ್ಟು ರಾಜಕಾರಣಕ್ಕೆ ಇಳಿದರೆಂದು ಹೇಳುವುದು ವಾಡಿಕೆ. ಜೀವಶಾಸ್ತ್ರದ ಅಧ್ಯಾಪಕನಾದ ನನಗೆ ಹಾಗೆನಿಸುವುದಿಲ್ಲ. ಜನ ಒಂದೆಡೆ ನೆರೆದಾಗ ಅವರನ್ನು ರೋಗದಿಂದ, ಗೊಂದಲದಿಂದ, ಭಯದಿಂದ ಕಾಪಾಡುವುದು ಹೇಗೆಂಬುದೇ ಅವರು ಓದಿದ ಶಾಸ್ತ್ರ. ಅದನ್ನು ಅವರು ಆಸ್ಪತ್ರೆಯ ಬದಲು ಸತ್ಯಾಗ್ರಹ ಶಿಬಿರದಲ್ಲಿ ಪ್ರಯೋಗಿಸಿದರು. ಅರ್ಜಿ ಬರೆಯುವಾಗ ಇಪ್ಪತ್ತನಾಲ್ಕರ ತರುಣನಿಗೆ ಇದು ಹೊಳೆದಿರಲು ಸಾಧ್ಯವಿಲ್ಲ. ಹೊಳೆದಿದ್ದರೂ ಯಾವ ವಿಶ್ವವಿದ್ಯಾಲಯಕ್ಕೆ ಅದನ್ನು ಬರೆದು ಕಳಿಸಲಾಗುತ್ತಿತ್ತು?

ಮುಂದಿನ ವರ್ಷಗಳನ್ನು ಸಂಕ್ಷೇಪವಾಗಿ ಹೇಳುವೆ. ಹುಬ್ಬಳ್ಳಿಯಿಂದ ವಾಲಂಟಿಯರ್ ಎಂಬ ಇಂಗ್ಲಿಷ್ ಮಾಸಪತ್ರಿಕೆ ಹೊರಟಿತು. ಸೇವಾದಳದ ಶಾಖೆಗಳು ಪ್ರಾಂತಪ್ರಾಂತಗಳಲ್ಲಿ ಬೆಳೆದುವು. 1931ರಲ್ಲಿ ಕಾಂಗ್ರೆಸ್ಸು ಅದನ್ನು ತನ್ನ ಅಧಿಕೃತ ಅಂಗವನ್ನಾಗಿ ಮಾಡಿಕೊಂಡಿತು. 1932ರಲ್ಲಿ ಸರಕಾರ ಅದನ್ನು ನಿಷೇಧಿಸಿತು. ಹರ್ಡೀಕರರು ಮತ್ತೆ ಮತ್ತೆ ಸೆರೆಮನೆ ಕಂಡರು. ಕಟ್ಟಿದ ಸಂಸ್ಥೆಯ ಆಡಳಿತ ಬೇರೆಯವರ ಕೈಗೆ ಹೋದಾಗ, ನಿಷೇಧದಿಂದ ಅದು ಚದುರಿದಾಗ, ಅವರು ಗೊಣಗುತ್ತ ಕೂಡಲಿಲ್ಲ. ಅವರು ಬಂದುದು ಘಟಪ್ರಭೆಗೆ.

ಘಟಪ್ರಭೆ ನಮ್ಮ ಸೀಮೆಯದು. ಗೋಕಾಕ ತಾಲೂಕಿನ ಆ ಊರಿನಲ್ಲಿ ಡಾ. ಕೊಕಟನೂರ, ಡಾ. ವೈದ್ಯ ಮೊದಲಾದ ವೈದ್ಯರು ಕರ್ನಾಟಕ ಆರೋಗ್ಯಧಾಮವನ್ನು ಕಟ್ಟಿದ್ದರು. ಪಟ್ಟಣದಲ್ಲಿ ಹಣ ಗಳಿಸಬಲ್ಲ ವೈದ್ಯರು ಹಳ್ಳಿಯ ರೋಗಿಗಳಿಗಾಗಿ ನದಿಯ ಮಗ್ಗುಲಲ್ಲಿ ನಿಂತ ಸಂಸ್ಥೆಯದು. ಹರ್ಡೀಕರರು ಅದನ್ನು ತಮ್ಮ ಮನೆಯನ್ನಾಗಿ ಮಾಡಿಕೊಂಡರು. ಓದಿ ಬಂದ ಶಾಸ್ತ್ರ ಬಹಳ ವರ್ಷಗಳ ಸುತ್ತುದಾರಿಯ ತರುವಾಯ ತನ್ನ ಸ್ವಂತ ಹೆಸರಿನಲ್ಲಿಯೇ ಅಲ್ಲಿ ಅವರಿಗೆ ದೊರೆಯಿತು. 1952ರಿಂದ 1962ರವರೆಗೆ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಬಂದಿತು. 1975ರ ಆಗಸ್ಟ್ 26ರಂದು ಅವರು ತೀರಿಕೊಂಡರು. 1989ರಲ್ಲಿ, ಅವರ ಜನ್ಮಶತಾಬ್ದಿಯ ವರ್ಷ, ಭಾರತದ ಅಂಚೆ ಇಲಾಖೆ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಅವರ ತರುವಾಯ ಕನ್ನಡ ನಾಡಿನಿಂದ ಆನ್ ಆರ್ಬರಕ್ಕೆ ಹೋದವರು ಹಲವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದ ರಾಜೇಶ್ವರಿ ಚಟರ್ಜಿಯವರು 1947ರಲ್ಲಿ ಅಲ್ಲಿಗೆ ಹೋಗಿ ಡಾಕ್ಟರೇಟು ಪಡೆದು 1953ರಲ್ಲಿ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದರು. ಅವರು ಓದಿದ್ದನ್ನೇ ಕಲಿಸಿದರು; ಹರ್ಡೀಕರರು ಓದಿದ್ದನ್ನು ಬೇರೆ ರೂಪದಲ್ಲಿ ಬಳಸಿದರು; ಅಥಣಿಯ ಕೊಕಟನೂರರು ಅಲ್ಲಿಯೇ ನೆಲೆಸಿ ದುಡಿದರು. ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಧಿಕಾರ ನನಗಿಲ್ಲ. ಹರ್ಡೀಕರರೇ ಓದು ಮುಗಿದ ಮೇಲೆ ಐದು ವರ್ಷ ಊರಿಗೆ ಬರಲಿಲ್ಲವೆಂಬುದನ್ನು ಮರೆಯಬಾರದು. 1918ರಲ್ಲಿ ಯಾರಾದರೂ ತಿರ್ಲಾಪುರದಲ್ಲಿ ಅವರ ಬಗೆಗೆ ಕೇಳಿದ್ದರೆ, ಹುಡುಗ ಕೈತಪ್ಪಿದನೆಂಬ ಉತ್ತರವೇ ಬರಬಹುದಾಗಿತ್ತು.

ಇದನ್ನು ನೆನೆದಾಗ ಸಾವಳಗಿಯ ಆ ಹುಡುಗನ ಮೇಲೆ ನನಗಿದ್ದ ಅಸಮಾಧಾನ ಸ್ವಲ್ಪ ಸಡಿಲಾಯಿತು. ಆದರೆ ಆತನ ತಂದೆಯ ಮುಖ ಮರೆಯಾಗಲಿಲ್ಲ. ಮಗನ ಲೆಕ್ಕ ಮುಂದೆ ಸರಿಯಾಗಬಹುದು, ತಂದೆಗೆ ಕಾಯುವಷ್ಟು ಆಯುಷ್ಯವಿರಲಿಲ್ಲ. ಈ ಕೊರತೆಯನ್ನು ಯಾರ ಜೀವನಚರಿತ್ರೆಯೂ ತುಂಬಲಾರದು.

ಮೂರನೆಯ ದಿನ ಪತ್ರ ಬರೆದೆ. ಅವಳು ಮರಳುವಳೆಂದು ಬರೆಯಲಿಲ್ಲ. ಮರಳಲಾರಳೆಂಬ ಸಂದೇಹವನ್ನೂ ಸೂಚಿಸಲಿಲ್ಲ. ನಾನು ಕಣ್ಣಾರೆ ಕಂಡುದನ್ನಷ್ಟೇ ಬರೆದೆ: ಪದವಿಯ ಕೊನೆಯ ವರ್ಷ ಅವಳು ತಮ್ಮ ಓಣಿಯ ಮನೆಮನೆಗೆ ಹೋಗಿ ಕೆಮ್ಮುವವರ ಹೆಸರು, ವಯಸ್ಸು, ಮಗ್ಗದ ಮುಂದೆ ಕಳೆದ ವರ್ಷಗಳು ಇವನ್ನು ಒಂದು ವಹಿಯಲ್ಲಿ ಬರೆದುಕೊಂಡಿದ್ದಳು; ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ; ಆ ವಹಿಯ ಮೊದಲ ಹೆಸರು ಅವಳ ತಂದೆಯದು.

ಪತ್ರ ಒಯ್ಯಲು ಅವಳು ತಂದೆಯೊಡನೆ ಬಂದಳು. ಓದಲು ಕೊಟ್ಟೆ, ಅವಳು ಕನ್ನಡದಲ್ಲಿ ಅದರ ಅರ್ಥವನ್ನು ತಂದೆಗೆ ಹೇಳಿದಳು. ಮನೆಯ ಕಾಗದಪತ್ರಗಳ ಚೀಲ ಅವರ ಕಂಕುಳಲ್ಲಿತ್ತು. ಅಲ್ಲಿಂದ ನೇರವಾಗಿ ಬ್ಯಾಂಕಿಗೆ ಹೋಗುವವರಿದ್ದರು. ಮಗಳು ಮರಳುವಳೇ ಎಂದು ಅವರು ನನ್ನನ್ನು ಕೇಳಲಿಲ್ಲ. ಹೊರಡುವ ಮುಂಚೆ ಘಟಪ್ರಭೆಗೆ ಒಮ್ಮೆ ಹೋಗಿ ಬನ್ನಿರೆಂದು ಇಬ್ಬರಿಗೂ ಹೇಳಿದೆ. ಆ ಊರು ತಮಗೆ ಗೊತ್ತು, ತಮ್ಮ ತಾಯಿಯನ್ನು ಉಬ್ಬಸಕ್ಕೆ ತೋರಿಸಲು ಹುಡುಗನಾಗಿದ್ದಾಗ ಅಲ್ಲಿಯ ಆರೋಗ್ಯಧಾಮಕ್ಕೇ ಹೋಗಿದ್ದೆ ಎಂದು ಅವರು ಹೇಳಿದರು. ಆ ಆಸ್ಪತ್ರೆಗೂ ಮಗಳು ಹೋಗಲಿರುವ ಊರಿಗೂ ಏನು ಸಂಬಂಧವೆಂಬುದನ್ನು ಆಗ ಅವರಿಗೆ ವಿವರಿಸತೊಡಗಿದೆ.